ಬಿಡಿಭಾಗ ಸಿಗದ ಕಿವಿ

ಕಿವಿ ಮಂದವಾದವರಿಗೆಂದು ಸದ್ದು ಹೆಚ್ಚಿಸಿ ಕೊಡುವ ಟೆಲಿಫೋನ್ ರಿಸೀವರುಗಳಿವೆ. ಅವು ಕೆಟ್ಟಾಗ ಮೊದಲು ಏಳುವುದು ಅಂಗಡಿಯ ಪ್ರಶ್ನೆ: ಬಿಡಿಭಾಗ ಎಲ್ಲಿ ಸಿಕ್ಕೀತು, ಎಷ್ಟಾದೀತು? ಅದರ ಬೆನ್ನಿಗೇ ದರ್ಶನಶಾಸ್ತ್ರದ ಪ್ರಶ್ನೆಯೊಂದಿದೆ. ಆ ರಿಸೀವರ್ ಕೇಳುವವನ ಸೊತ್ತೋ, ಅವನ ಇಂದ್ರಿಯದ ಭಾಗವೋ? ಸೊತ್ತು ಎಂದರೆ ಮಾಡಿದವನ ಹೊಣೆ ಮಾರಿದ ದಿನವೇ ಹೆಚ್ಚುಕಡಿಮೆ ಮುಗಿಯಿತು. ಕೆಟ್ಟರೆ ಇನ್ನೊಂದು ಕೊಂಡರಾಯಿತು. ಇಂದ್ರಿಯದ ಭಾಗ ಎಂದರೆ ಲೆಕ್ಕ ಬೇರೆಯಾಗುತ್ತದೆ. ಎರಡನೆಯದೇ ಸರಿ ಎಂದು ನನಗನ್ನಿಸುತ್ತದೆ.

ವಸ್ತುವನ್ನು ಕೊಂಚ ಹತ್ತಿರದಿಂದ ನೋಡೋಣ. ಅಮೆರಿಕದ ಮನೆಗಳಲ್ಲಿ ದಶಕಗಟ್ಟಲೆ ಇದ್ದ ವೆಸ್ಟರ್ನ್ ಎಲೆಕ್ಟ್ರಿಕ್ 500 ಮಾದರಿಯ ಫೋನಿನಲ್ಲಿ ಬಾಯಿ ಕಡೆಯ ಮುಚ್ಚಳವನ್ನು ಕೈಯಿಂದಲೇ ತಿರುಗಿಸಿ ಬಿಚ್ಚಬಹುದಿತ್ತು. ಇಂಗಾಲದ ಕಣ ತುಂಬಿದ ಮೈಕಿನ ಬಿಲ್ಲೆ ಅಂಗೈಗೆ ಉದುರುತ್ತಿತ್ತು; ಅದಕ್ಕೆ ಬೆಸುಗೆ ಇರಲಿಲ್ಲ, ಸ್ಪ್ರಿಂಗ್ ಪಟ್ಟಿಗಳ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಸದ್ದು ಹೆಚ್ಚಿಸುವ ರಿಸೀವರಿನಲ್ಲಿ ಹಿಡಿಯ ಬಳಿ ಒಂದು ಪುಟ್ಟ ಚಕ್ರ, ಒಳಗೊಂದು ಆಂಪ್ಲಿಫೈಯರ್ ಹೆಚ್ಚುವರಿಯಾಗಿ ಇರುತ್ತವೆ. ಈ ಆಂಪ್ಲಿಫೈಯರಿಗೆ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಮೈಕಿಗೆಂದು ಫೋನು ಕೊಡುವ ಅಷ್ಟಿಷ್ಟು ವಿದ್ಯುತ್ತಿನಲ್ಲೇ ಅದೂ ಬದುಕಬೇಕು. ಇಂಗಾಲದ ಮೈಕಿಗೆ ಮಾಡಿದ ಫೋನು ಕೊಡುವ ವಿದ್ಯುತ್ತೇ ಬೇರೆ, ಮುಂದೆ ಬಂದ ಎಲೆಕ್ಟ್ರೆಟ್ ಮೈಕಿಗೆ ಮಾಡಿದ್ದು ಕೊಡುವುದೇ ಬೇರೆ. ಸುರುಳಿ ವೈರಿನ ತುದಿಯ ನಾಲ್ಕು ತಂತಿಯ ಪ್ಲಗ್ ಮಾತ್ರ ನೋಡಲು ಒಂದೇ ಥರ. ಹಾಗಾಗಿ ಎಲ್ಲಿಂದಲೋ ಹುಡುಕಿ ತಂದ ರಿಸೀವರ್ ಸಲೀಸಾಗಿ ಸಿಕ್ಕಿಕೊಳ್ಳುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ.

ಭಾಗ ಬದಲಾದ ವಸ್ತು ಹಳೆಯದೋ ಹೊಸದೋ ಎಂಬ ಜಗಳ ನಮ್ಮಲ್ಲಿ ಬಹಳ ಹಳೆಯದು. ಮಿಲಿಂದ ರಾಜನೆದುರು ನಾಗಸೇನ ಭಿಕ್ಷು ರಥದ ಅಚ್ಚು, ಗಾಲಿ, ನೊಗಗಳನ್ನು ಒಂದೊಂದಾಗಿ ಎತ್ತಿಕೊಂಡು, ಯಾವುದೂ ರಥವಲ್ಲ, ಎಲ್ಲ ಕೂಡಿದ್ದಕ್ಕೆ ಇಟ್ಟ ಹೆಸರಷ್ಟೇ ರಥ ಎಂದು ತೋರಿಸಿದ. ನ್ಯಾಯದರ್ಶನದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಗಳಿಂದ ಬೇರೆಯಾದ ಅವಯವಿ, ಎಂದರೆ ಇಡಿಯಾದ ವಸ್ತು, ಒಂದುಂಟು, ಒಂದು ಭಾಗ ಬದಲಾದರೂ ಹಳೆಯ ಅವಯವಿ ಅಳಿದು ಹೊಸದು ಹುಟ್ಟುತ್ತದೆ ಎಂದರು. ಇಬ್ಬರಿಗೂ ಒಂದು ಅನುಕೂಲವಿತ್ತು. ಅಚ್ಚು ಮುರಿದರೆ ಬಡಗಿ ಕಡೆದು ಕೊಡುತ್ತಿದ್ದ. ಅದರ ಅಳತೆ ಯಾರ ಗುಟ್ಟೂ ಆಗಿರಲಿಲ್ಲ. ಭಾಗ ಸಿಕ್ಕ ಮೇಲೆ ಏನೆಂಬುದನ್ನು ಅವರು ಚರ್ಚಿಸಿದರು. ಸಿಗದೇ ಹೋದರೆ ಏನೆಂಬುದು ನಮ್ಮ ಕಾಲದ ಪ್ರಶ್ನೆ.

ಅದಕ್ಕೆ ಬೆಳಕು ಬೇಕಿದ್ದರೆ ಶ್ರೋತ್ರೇಂದ್ರಿಯದ, ಎಂದರೆ ಕೇಳುವ ಇಂದ್ರಿಯದ, ಚರ್ಚೆಗೆ ಹೋಗಬೇಕು. ನ್ಯಾಯ-ವೈಶೇಷಿಕರ ಪ್ರಕಾರ ಹೊರಗೆ ಕಾಣುವ ಈ ಮಾಂಸದ ಕಿವಿ ಇಂದ್ರಿಯವೇ ಅಲ್ಲ. ಕಿವಿಯ ರಂಧ್ರದೊಳಗೆ ಸೀಮಿತವಾದ ಆಕಾಶವೇ ಶ್ರೋತ್ರ. ಆಕಾಶ ನಿತ್ಯವಾದದ್ದು, ಕೆಡುವಂಥದ್ದಲ್ಲ. ಹಾಗಿದ್ದರೆ ಕಿವುಡು ಬರುವುದು ಹೇಗೆ? ನೆರವಾಗಬೇಕಾದ ಕಾರಣ ಕೊರೆಯಾದಾಗ ಎಂಬುದು ವೈಶೇಷಿಕ ಭಾಷ್ಯಕಾರ ಪ್ರಶಸ್ತಪಾದರ ಉತ್ತರ. ಆ ನೆರವು ಎಂದರೆ ಧರ್ಮಾಧರ್ಮಗಳು, ಪ್ಲಾಸ್ಟಿಕ್ ಚಕ್ರವಲ್ಲ ಎಂದು ಪಂಡಿತರು ತಕರಾರು ತೆಗೆದಾರು. ನಿಜ. ಆದರೆ ಪೂರ್ವಕರ್ಮದ ಹೆಸರು ಹೇಳಿ ಔಷಧವನ್ನು ಬೇಡವೆಂದವರು ನಮ್ಮಲ್ಲಿ ಕಡಿಮೆ. ನನಗೆ ಬೇಕಾದದ್ದು ಆ ವಿಚಾರದ ಚೌಕಟ್ಟು ಮಾತ್ರ: ಕೇಳುವ ಶಕ್ತಿ ಮಾಂಸದೊಳಗೆ ಮುಚ್ಚಿಟ್ಟ ವಸ್ತುವಲ್ಲ, ಹಲವು ನೆರವುಗಳು ಕೂಡಿದಾಗ ಆಗುವಂಥದ್ದು. ಹೀಗೆಂದ ಮೇಲೆ ಚರ್ಮದ ಒಳಗಿನ ನೆರವು ನನ್ನದು, ಹೊರಗಿನದು ಬರೀ ಸಾಮಾನು ಎಂದು ಗೆರೆ ಎಳೆಯಲು ಆಧಾರವೇನು?

ಹಾಗಾದರೆ ಕೊಡಲಿಯೂ ಕೈಯ ಭಾಗವೇ ಎಂದು ಕೇಳಬಹುದು. ಅಲ್ಲ. ಕೊಡಲಿ ಕಳೆದುಹೋದರೆ ಇನ್ನೊಬ್ಬರದನ್ನು ಕೇಳಿ ತಂದು ಮರ ಕಡಿಯಬಹುದು, ಕೈಯ ಶಕ್ತಿ ಎಲ್ಲೂ ಹೋಗಿರುವುದಿಲ್ಲ. ಈ ರಿಸೀವರ್ ನಿಂತರೆ ದೂರದೂರಿನ ಮಗಳ ದನಿ ಆ ಕಿವಿಯ ಪಾಲಿಗೆ ಇಲ್ಲವೇ ಇಲ್ಲ. ಕನ್ನಡಕದ ಮಾತೇನು ಎಂದರೆ, ಅದೂ ಕಣ್ಣಿನ ಭಾಗವೇ ಎನ್ನಲು ನನಗೆ ಅಳುಕಿಲ್ಲ.

ಸೊತ್ತೋ ಇಂದ್ರಿಯವೋ ಎಂಬ ಇದೇ ಗೊಂದಲದಲ್ಲಿ ಚರಿತ್ರೆಯೂ ನಡೆದಿದೆ. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಿವುಡರಿಗೆ ಪಾಠ ಹೇಳುತ್ತಿದ್ದವರು. ಅವರ ತಾಯಿಗೆ ಕಿವಿ ಮಂದ, ಹೆಂಡತಿಗೆ ಪೂರ್ತಿ ಕಿವುಡು. ಅವರ ಹೆಸರಿನ ವ್ಯವಸ್ಥೆಯಲ್ಲಿ ಮುಂದೆ ರಿಸೀವರ್ ಕಂಪನಿಯ ಸೊತ್ತಾಯಿತು. ಮಾತು ಪಕ್ಕದವರಿಗೆ ಕೇಳದಿರಲಿ ಎಂದು ಅದರ ಬಾಯಿಗೆ ಬಟ್ಟಲಿನಂಥ ‘ಹಶ್-ಎ-ಫೋನ್’ ಸಿಕ್ಕಿಸಲೂ 1956ರ ನ್ಯಾಯಾಲಯದ ತೀರ್ಪು ಬೇಕಾಯಿತು. ಬೇರೆಯವರು ಮಾಡಿದ ಉಪಕರಣಗಳಿಗೆ ದಾರಿ ತೆರೆದದ್ದು 1968ರ ಕಾರ್ಟರ್‌ಫೋನ್ ತೀರ್ಮಾನ. 1984ರಲ್ಲಿ ಬೆಲ್ ಸಾಮ್ರಾಜ್ಯ ಒಡೆಯಿತು. ಜನ ಫೋನುಗಳ ಒಡೆಯರಾದರು; ರಿಪೇರಿಯ ಹೊಣೆಯೂ ಸದ್ದಿಲ್ಲದೆ ಅವರ ತಲೆಗೇ ಬಂತು. ನಮ್ಮಲ್ಲೂ ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯ ಫೋನು ಸರ್ಕಾರಿ ದೂರವಾಣಿ ಇಲಾಖೆಯ ಸೊತ್ತಾಗಿಯೇ ಮನೆಗೆ ಬರುತ್ತಿತ್ತು. ಕೆಟ್ಟರೆ ಲೈನ್‌ಮನ್ ಬರುತ್ತಿದ್ದ, ಬಂದಾಗ. ಆ ಕಾಲ ಮತ್ತೆ ಬರಲಿ ಎಂದು ಹಂಬಲಿಸುವ ಅಗತ್ಯವಿಲ್ಲ. ಆಗ ಕಂಪನಿ ಕಿವಿಯ ಒಡೆತನ ಕೇಳುತ್ತಿತ್ತು, ಈಗ ಹೊಣೆ ಬೇಡವೆನ್ನುತ್ತದೆ. ಎರಡೂ ತಪ್ಪು.

ಹೊಸದು ಅಗ್ಗಕ್ಕೆ ಸಿಗುವಾಗ ಹಳೆಯದಕ್ಕೆ ಯಾಕೆ ಹಟ ಎಂಬ ಆಕ್ಷೇಪ ಹಗುರವಾದದ್ದಲ್ಲ. ಹೊಸದಕ್ಕೆ ಕಾನೂನಿನ ಬೆಂಬಲವೂ ಇದೆ: ಅಮೆರಿಕದ 1988ರ ಕಾಯ್ದೆ ಫೋನುಗಳು ಹಿಯರಿಂಗ್ ಏಡಿಗೆ ಹೊಂದಬೇಕೆಂದಿತು, ಮುಂದಿನ ನಿಯಮಗಳು ಕನಿಷ್ಠ 12 ಡೆಸಿಬೆಲ್ ಸದ್ದು ಏರಿಸುವ ವ್ಯವಸ್ಥೆಯನ್ನೂ ಕೇಳಿದವು. ಆದರೆ ಕಿವಿ ಮಂದವಾಗುವುದು ಎಲ್ಲ ಸ್ವರಗಳಿಗೂ ಒಂದೇ ಸಮನಾಗಿ ಅಲ್ಲ. ಜೋರು ಮಾಡಿದ ಮಾತ್ರಕ್ಕೆ ಮಾತು ತಿಳಿಯಾಗುವುದಿಲ್ಲ. ಒಂದು ರಿಸೀವರಿನ ದನಿಗೆ ವರ್ಷಗಟ್ಟಲೆ ಒಗ್ಗಿದ ಮುದಿ ಕಿವಿ ಹೊಸದರ ಮುಂದೆ ಮತ್ತೆ ಮೊದಲಿನಿಂದ ಕಲಿಯಬೇಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಎಲ್ಲವೂ ಅನಿತ್ಯವಾಗಿರುವಾಗ ಕಂಪನಿ ಎಷ್ಟು ಕಾಲ ಭಾಗಗಳನ್ನು ದಾಸ್ತಾನಿಟ್ಟುಕೊಳ್ಳಬೇಕು? ಎಂದೆಂದಿಗೂ ಇಡಲಾಗದು, ಒಪ್ಪಿದೆ. ಸಾಮಾನು ಮುಗಿಯಲಿ, ತಿಳಿವಳಿಕೆಯನ್ನು ಮುಚ್ಚಿಡಬೇಕಾಗಿಲ್ಲ. ಯಾವ ಮೈಕು, ಎಷ್ಟು ವಿದ್ಯುತ್ತು, ನಾಲ್ಕು ತಂತಿಗಳ ಅನುಕ್ರಮ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಊರಿನ ರಿಪೇರಿಯವನೇ ಬಡಗಿಯಾಗುತ್ತಾನೆ. ಅನಿತ್ಯತೆ ಲೋಕದ ನಿಯಮವಿರಬಹುದು, ಆ ಹಾಳೆಯನ್ನು ಕೊಡದಿರುವುದು ಕಂಪನಿಯ ತೀರ್ಮಾನ.

ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ವಲಯಗಳನ್ನು ಮೊದಲಿಗೆ ಆರಿಸಿಕೊಂಡಿತು. ಕಿವಿ, ಕಣ್ಣು, ಕಾಲುಗಳಿಗೆ ನೆರವಾಗುವ ಸಾಧನಗಳನ್ನು ಐದನೆಯದಾಗಿ ಸೇರಿಸಬೇಕು. ನಿಜವಾಗಿ ನೋಡಿದರೆ ಪಟ್ಟಿ ಶುರುವಾಗಬೇಕಿದ್ದುದೇ ಅಲ್ಲಿಂದ.