ಮೂವತ್ತು ವರ್ಷ ಇದ್ದವರು ಅರ್ಜಿ ಹಾಕಬೇಕೆ?

(ಲೆಸ್ಟರ್‌ನಲ್ಲಿ ನೆಲೆಸಿರುವ ದೊಡ್ಡಮ್ಮ, ಲಂಡನ್ನಿನಲ್ಲಿ ಕಾನೂನು ಓದುತ್ತಿರುವ ರಘು.)

ರಘು: ದೊಡ್ಡಮ್ಮ, ಬ್ರಿಟನ್ ಯೂರೋಪ್ ಒಕ್ಕೂಟ ಬಿಟ್ಟಾಗ ಇಲ್ಲಿದ್ದ ಯೂರೋಪಿಯನ್ನರನ್ನು ಓಡಿಸುವ ಕಾನೂನೇನೂ ಬರಲಿಲ್ಲವಲ್ಲ. 2020ರ ಕೊನೆಯೊಳಗೆ ಬಂದು ನೆಲೆಸಿದವರು 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಿತ್ತು, ಅಷ್ಟೆ. ಐದು ವರ್ಷ ಇದ್ದವರಿಗೆ ಕಾಯಂ ವಾಸದ ಹಕ್ಕು, ಉಳಿದವರಿಗೆ ತಾತ್ಕಾಲಿಕ. 65 ಪೌಂಡ್ ಶುಲ್ಕವನ್ನೂ ಕೈಬಿಟ್ಟರು. ಇದರಲ್ಲಿ ಅನ್ಯಾಯವೇನು?

ದೊಡ್ಡಮ್ಮ: ಇಟಲಿಯಿಂದ ಬಂದು ಮೂವತ್ತು ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ದುಡಿದ ಒಬ್ಬ ಹೆಂಗಸನ್ನು ಊಹಿಸಿಕೊ. ಇರುವ ಹಕ್ಕು ಅವಳ ಕೈಯಲ್ಲೇ ಇತ್ತು. ಅದನ್ನು ನಂಬಿ ಮನೆ ಮಾಡಿದಳು, ಮಕ್ಕಳನ್ನು ಓದಿಸಿದಳು. ಒಂದು ದಿನ ಸರ್ಕಾರ, ಅದು ಮುಗಿಯಿತು, ಹೊಸದನ್ನು ಕೇಳು, ಕೊಡುತ್ತೇವೆ ಅಂದಿತು. ಕೊಟ್ಟರು, ನಿಜ. ಇದ್ದದ್ದನ್ನೇ ಬೇಡಿ ಪಡೆಯುವಂತೆ ಮಾಡಿದರಲ್ಲ, ಅದು ನನಗೆ ಸಂಕಟ.

ರಘು: ಕಾಗದವಿಲ್ಲದ ಹಕ್ಕು ಎಷ್ಟು ದಿನ ನಿಂತೀತು? ವಿಂಡ್‌ರಷ್ ತಲೆಮಾರಿನವರನ್ನೇ ನೋಡಿ. ಕೆರಿಬಿಯನ್ ದ್ವೀಪಗಳಿಂದ ಬಂದು 1973ಕ್ಕೆ ಮೊದಲೇ ನೆಲೆಸಿದ್ದವರಿಗೆ ಕಾನೂನೇ ವಾಸದ ಹಕ್ಕು ಕೊಟ್ಟಿತ್ತು. ಅರ್ಜಿ ಬೇಕಿರಲಿಲ್ಲ, ಹಾಗಾಗಿ ಎಷ್ಟೋ ಜನರ ಕೈಯಲ್ಲಿ ಕಾಗದವೂ ಇರಲಿಲ್ಲ. ಮುಂದೆ ಕೆಲಸಕ್ಕೆ, ಬಾಡಿಗೆ ಮನೆಗೆ, ಚಿಕಿತ್ಸೆಗೆ ಪುರಾವೆ ಕೇಳತೊಡಗಿದಾಗ ಬರಿಗೈಯಲ್ಲಿ ನಿಂತರು. ಕೆಲವರನ್ನು ಗಡೀಪಾರು ಮಾಡಿದರು. 2018ರಲ್ಲಿ ಪ್ರಧಾನಿಯೇ ಕ್ಷಮೆ ಕೇಳಬೇಕಾಯಿತು. ಅಂದು ಅರ್ಜಿ ಹಾಕಿಸಿದ್ದರೆ ಅವರು ಬದುಕಿಕೊಳ್ಳುತ್ತಿರಲಿಲ್ಲವೆ?

ದೊಡ್ಡಮ್ಮ: ಈ ಮಾತಿಗೆ ತೂಕವಿದೆ. ಕಾಗದ ಬೇಕು, ಒಪ್ಪಿದೆ. ಕಾಗದ ತಡವಾಯಿತೆಂದು ಹಕ್ಕು ಸಾಯಬೇಕೆ? ಜನನ ನೋಂದಣಿ ಮಾಡಿಸಿಲ್ಲ ಅಂತ ಮಗು ಹುಟ್ಟೇ ಇಲ್ಲ ಅನ್ನುತ್ತಾರೆಯೆ? ಜರ್ಮನಿಯಲ್ಲಿದ್ದ ಬ್ರಿಟಿಷರಿಗೆ ಹಕ್ಕು ನಿರ್ಗಮನ ಒಪ್ಪಂದದಿಂದಲೇ ಬಂತು. ಕಚೇರಿ ಅದಕ್ಕೊಂದು ಕಾರ್ಡು ಕೊಟ್ಟಿತು. ಬ್ರಿಟನ್, ಫ್ರಾನ್ಸ್ ಆರಿಸಿಕೊಂಡದ್ದು ಅರ್ಜಿಯಿಂದಲೇ ಹಕ್ಕು ಹುಟ್ಟುವ ದಾರಿ. ಒಪ್ಪಂದ ಎರಡಕ್ಕೂ ಅವಕಾಶ ಕೊಟ್ಟಿತ್ತು.

ರಘು: ತಡವಾದವರೂ ಕಾರಣ ತೋರಿಸಬಹುದಿತ್ತಲ್ಲ.

ದೊಡ್ಡಮ್ಮ: ಮರೆವಿನ ಕಾಯಿಲೆಯ ಮುದುಕರು ಏನು ಕಾರಣ ಬರೆದಾರು? ತಾತ್ಕಾಲಿಕ ಹಕ್ಕಿನವರು ಎರಡನೇ ಸಲ ಅರ್ಜಿ ಹಾಕದಿದ್ದರೆ ಎಲ್ಲ ಕಳೆದುಕೊಳ್ಳುತ್ತಾರೆ ಎಂಬ ಏರ್ಪಾಡನ್ನು 2022ರ ಡಿಸೆಂಬರ್‌ನಲ್ಲಿ ಇಲ್ಲಿನ ಹೈಕೋರ್ಟೇ ಕಾನೂನುಬಾಹಿರ ಅಂದಿತು.

ರಘು: ಆದರೂ ಒಂದು ದೇಶದ ಜನ ಯಾರು ಇರಬೇಕೆಂದು ತಾವೇ ತೀರ್ಮಾನಿಸಬಾರದೆ? ಒಕ್ಕೂಟ ಬಿಡಬೇಕೆ ಎಂದು ಕೇಳಿದ 2016ರ ಮತದಾನ ಅದೇ ಅಲ್ಲವೆ?

ದೊಡ್ಡಮ್ಮ: ಬರುವವರ ಬಗ್ಗೆ ತೀರ್ಮಾನಿಸಲಿ. ಬಂದು ಬೇರೂರಿದವರ ಮೇಲೆ ಆ ಅಧಿಕಾರ ಅಷ್ಟು ಚಾಚುವುದಿಲ್ಲ. ಮತ ಯಾರಿಗಿತ್ತು ಅಂತಲೂ ನೋಡು. ಕಾಮನ್‌ವೆಲ್ತ್ ಪ್ರಜೆಗಳಿಗಿತ್ತು: ಹಿಂದಿನ ವರ್ಷವಷ್ಟೇ ಬೆಂಗಳೂರಿನಿಂದ ಓದಲು ಬಂದ ಹುಡುಗ ಹೆಸರು ನೋಂದಾಯಿಸಿ ಹಾಕಬಹುದಿತ್ತು. ನಾನೂ ಭಾರತದ ಪಾಸ್‌ಪೋರ್ಟಿನಲ್ಲೇ ಹಾಕಿದೆ. ಆ ಇಟಲಿಯ ಹೆಂಗಸಿಗೆ ಮತವಿರಲಿಲ್ಲ. ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರನ್ನು ಬಿಟ್ಟರೆ ಒಕ್ಕೂಟದ ಇತರ ದೇಶಗಳ ಪ್ರಜೆಗಳಿಗೆ ಇರಲಿಲ್ಲ.

ರಘು: ಬೇರೂರಿದವರು ಅನ್ನುತ್ತೀರಿ. ಎಷ್ಟು ವರ್ಷಕ್ಕೆ ಬೇರು?

ದೊಡ್ಡಮ್ಮ: ಗೆರೆ ಎಲ್ಲಿ ಎಳೆದರೂ ಯಾರಾದರೂ ಆಚೆ ಉಳಿಯುತ್ತಾರೆ. ಐದು ವರ್ಷ ಎಂದಿದೆ, ಇರಲಿ. ಗೆರೆ ದಾಟಿದವರನ್ನು ಹುಡುಕುವ ಹೊಣೆ ಸರ್ಕಾರ ಹೊರಬೇಕಿತ್ತು. ಅರ್ಜಿ ಬಂದ ಮೇಲೆ ತೆರಿಗೆಯ ಲೆಕ್ಕ ತೆಗೆದು ವಾಸ ಖಚಿತ ಮಾಡಿಕೊಂಡರಲ್ಲ, ಆ ಲೆಕ್ಕ ಮೊದಲೂ ಅವರ ಬಳಿಯೇ ಇತ್ತು. ಅದನ್ನು ನೋಡಿ ತಾವೇ ಆ ಹೆಂಗಸಿನ ಮನೆಗೊಂದು ಪತ್ರ ಕಳಿಸಬಹುದಿತ್ತು.