ಹೇಳಿದ ಮೇಲೆ ಉಳಿಯುವ ಕರ್ತವ್ಯ


*ಇಂದಿನ ಧಮ್ಮ ಚಿಂತನೆ*



ಪರ್ಕಳದಲ್ಲಿ ಬೈಕ್ ರಿಪೇರಿ ಮಾಡುವ ನಮ್ಮ ಬಂಧು ಒಬ್ಬರು ಭಾನುವಾರ ವಂದನೆ ಮುಗಿದ ಮೇಲೆ ಒಂದು ಪ್ರಶ್ನೆ ಇಟ್ಟರು. "ಹಿಂದಿನ ಬ್ರೇಕ್ ಶೂ ಸವೆದಿದೆ, ಬದಲಿಸಿ" ಎಂದು ಅವರು ಒಬ್ಬ ಗಿರಾಕಿಗೆ ಹೇಳಿದ್ದರು. "ಅದೆಲ್ಲ ಮುಂದಿನ ಸಲ ನೋಡುವ. ಈಗ ಬ್ರೇಕ್ ಟೈಟ್ ಮಾಡಿ ಕೊಡು" ಎಂದ ಆತ. ಮೂರು ತಿಂಗಳಿಂದ ಇದೇ ಉತ್ತರ. "ನಾನು ಹೇಳಿಯಾಗಿದೆ. ಇನ್ನು ಅವನ ಹಣೆಬರಹ ಅಂತ ಬಿಟ್ಟುಬಿಡಬಹುದಾ?" ಎಂದು ಅವರು ಕೇಳಿದರು.

ಹಣೆಬರಹಕ್ಕೆ ನಮ್ಮ ಧಮ್ಮದಲ್ಲಿ ಜಾಗವಿಲ್ಲ. ಕಾರಣ ಇದ್ದರೆ ಪರಿಣಾಮ ಇದೆ. ಡ್ರಮ್ ಬ್ರೇಕಿನ ಶೂ ಮೇಲಿರುವ ಲೈನಿಂಗ್ ಉಜ್ಜಿ ಉಜ್ಜಿ ತೆಳ್ಳಗಾಗುತ್ತದೆ, ಪೆಡಲ್ ಹೆಚ್ಚು ಕೆಳಗೆ ಹೋಗುತ್ತದೆ. ರಾಡಿನ ತುದಿಯ ನಟ್ ತಿರುಗಿಸಿದರೆ ಪೆಡಲ್ ಮತ್ತೆ ಬಿಗಿಯಾಗುತ್ತದೆ, ಆದರೆ ಸವೆದ ಲೈನಿಂಗ್ ಮರಳಿ ಬರುವುದಿಲ್ಲ. ಅದು ಪೂರ್ತಿ ಮುಗಿದಾಗ ಲೋಹಕ್ಕೆ ಲೋಹ ತಾಗಿ ಡ್ರಮ್ಮೂ ಹಾಳಾಗುತ್ತದೆ. ಮಣಿಪಾಲದ ಎತ್ತರದಿಂದ ಪರ್ಕಳಕ್ಕೆ ಇಳಿಯುವ 169ಎ ಹೆದ್ದಾರಿಯಲ್ಲಿ, ಆಟಿಯ ಮಳೆಯಲ್ಲಿ ಹಾಗಾದರೆ?

ಸಾವತ್ಥಿಯಲ್ಲಿ ಗಣಕ ಮೊಗ್ಗಲ್ಲಾನ ಎಂಬ ಲೆಕ್ಕಿಗ ಬುದ್ಧರನ್ನು ಕೇಳಿದ: ನೀವು ಕಲಿಸಿದವರೆಲ್ಲ ಗುರಿ ಮುಟ್ಟುತ್ತಾರೆಯೇ? ಕೆಲವರು ಮುಟ್ಟುತ್ತಾರೆ, ಕೆಲವರು ಇಲ್ಲ ಎಂದರು ಬುದ್ಧರು. ರಾಜಗಹಕ್ಕೆ ಸರಿಯಾದ ದಾರಿ ಹೇಳಿದ ಮೇಲೂ ಒಬ್ಬ ಬೇರೆ ದಾರಿ ಹಿಡಿದರೆ ಅದಕ್ಕೆ ಕಾರಣವೇನು ಎಂದು ಅವನನ್ನೇ ಕೇಳಿದರು. ತಾವು ದಾರಿ ತೋರಿಸುವವರು ಎಂದರು. ಬುದ್ಧ ಮಾರ್ಗದಾತ, ಮೋಕ್ಷದಾತ ಅಲ್ಲ ಎಂದು ಬಾಬಾಸಾಹೇಬರು ಒತ್ತಿ ಹೇಳಿದ್ದು ಇದನ್ನೇ.

ಹಾಗಾದರೆ ನಮ್ಮ ಬಂಧುವಿನ ಕರ್ತವ್ಯ ಮುಗಿಯಿತೇ? ಇಲ್ಲ. ರಾಜಗಹದ ದಾರಿ ತಪ್ಪಿದರೆ ನಷ್ಟ ತಪ್ಪಿದವನಿಗೆ ಮಾತ್ರ. ಬ್ರೇಕ್ ಹಿಡಿಯದ ಬೈಕಿನಿಂದ ರಸ್ತೆ ದಾಟುವ ಮಗುವಿಗೂ ಅಪಾಯ.

ಮೊದಲು, ಗಿರಾಕಿ ಏಕೆ ಕೇಳುತ್ತಿಲ್ಲ ಎಂದು ನೋಡೋಣ. ಅವನ ಕೈಯಲ್ಲಿ ದುಡ್ಡಿಲ್ಲದಿರಬಹುದು. ಸುಳ್ಳು ಹೇಳಿ ಸಾಮಾನು ಮಾರುವವರು ಹಿಂದೆ ಅವನಿಗೆ ಸಿಕ್ಕಿರಬಹುದು. ಇನ್ನೊಂದು ಕಾರಣವೂ ಇದೆ. ಇವರು "ಬದಲಿಸಿ" ಎಂದರು, ಅವನು "ಕೊಡು" ಎಂದ. ಕೈಗೆ ಗ್ರೀಸ್ ಹತ್ತಿದವನ ತಿಳಿವಳಿಕೆಯನ್ನು ಕೀಳಾಗಿ ಕಾಣುವುದು ಈ ಸಮಾಜದ ಹಳೆಯ ರೋಗ. ಜಾತಿ ಕೆಲಸವನ್ನಷ್ಟೇ ಅಲ್ಲ, ದುಡಿಯುವವರನ್ನೇ ಮೇಲು ಕೀಳಾಗಿ ಒಡೆಯುತ್ತದೆ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿದ್ದಾರೆ. ಹಾಗಾಗಿ ನಮ್ಮ ಬಂಧುವಿಗೆ ಸಿಟ್ಟು ಬಂದರೆ ಅದು ಸಹಜ. ಆದರೆ ಸಿಟ್ಟಿನಿಂದ ಬಿಟ್ಟುಬಿಟ್ಟರೆ ಬ್ರೇಕ್ ಸರಿಯಾಗುವುದಿಲ್ಲ.

ಬುದ್ಧರು ನಂಬಿ ಎನ್ನಲಿಲ್ಲ, ಬಂದು ನೋಡಿ ಎಂದರು. ಗ್ಯಾರೇಜಿನಲ್ಲೂ ಅದೇ ಆಗಲಿ. ಹಲವು ಬೈಕುಗಳ ಬ್ರೇಕ್ ಪ್ಲೇಟಿನ ಹತ್ತಿರ ಸವೆತ ತೋರಿಸುವ ಬಾಣದ ಗುರುತು ಇರುತ್ತದೆ. ಗಿರಾಕಿಯೇ ಪೆಡಲ್ ಒತ್ತಿ ಅದನ್ನು ನೋಡಲಿ. ಚಕ್ರ ಬಿಚ್ಚಿ ಹಳೆಯ ಶೂ, ಹೊಸ ಶೂ ಎರಡನ್ನೂ ಅವನ ಕೈಯಲ್ಲಿಡಿ. ಇವತ್ತು ದುಡ್ಡಿಲ್ಲವೆಂದರೆ ಎರಡು ಕಂತು ಮಾಡಿ. ಬಿಲ್ಲಿನಲ್ಲಿ "ಬ್ರೇಕ್ ಶೂ ಬದಲಿಸಬೇಕು" ಎಂದು ಬರೆಯಿರಿ.

ಇಷ್ಟಾದರೂ ಒಪ್ಪದಿದ್ದರೆ ನಟ್ ಬಿಗಿ ಮಾಡಿ ಕೊಡಬಾರದು. ಮುಗಿದ ಬ್ರೇಕನ್ನು ಸರಿಯಿದೆ ಎನ್ನುವಂತೆ ಮಾಡಿ ಕೊಡುವುದು ಕೈಯಿಂದ ಹೇಳಿದ ಸುಳ್ಳು. ನಾಲ್ಕನೆಯ ಶೀಲ ಬಾಯಿಗೆ ಮಾತ್ರವಲ್ಲ.

"ಅವನು ಬೇರೆ ಗ್ಯಾರೇಜಿಗೆ ಹೋಗುತ್ತಾನೆ" ಎಂದರು ನಮ್ಮ ಬಂಧು. ಹೋಗಬಹುದು. ಅಂಗಡಿ ಬಾಡಿಗೆ ಕಟ್ಟುವವರಿಗೆ ಅದು ಸಣ್ಣ ನಷ್ಟವಲ್ಲ. ಸಮ್ಮಾ ಆಜೀವದ ಭಾರವನ್ನು ಅವರೊಬ್ಬರೇ ಹೊರಬಾರದು. ಸತ್ಯ ಹೇಳುವ ಮೆಕ್ಯಾನಿಕ್ ಬಳಿಗೇ ನಮ್ಮ ಗಾಡಿ ಒಯ್ಯೋಣ, ನಾಲ್ಕು ಜನರಿಗೆ ಹೇಳೋಣ, ಅವರನ್ನು ಬಹುವಚನದಲ್ಲೇ ಮಾತಾಡಿಸೋಣ.

*ಇಂದಿನ ಅಭ್ಯಾಸ:* ನಾವೂ ಯಾರದೋ ಮಾತನ್ನು "ಮುಂದಿನ ಸಲ ನೋಡುವ" ಎಂದು ತಳ್ಳಿರುತ್ತೇವೆ. ಡಾಕ್ಟರರ ಮಾತಿರಬಹುದು, ಹೆಂಡತಿಯ ಮಾತಿರಬಹುದು, ಭಂತೇಜಿಯವರ ಮಾತಿರಬಹುದು. ಅದರಲ್ಲಿ ಒಂದನ್ನು ಇವತ್ತು ಮಾಡಿ ಮುಗಿಸೋಣ.

ಸಾಧು, ಸಾಧು, ಸಾಧು. ಜೈ ಭೀಮ್ 🙏