ದೇವರ ಗುಂಡಿಯ ಕೆಳಗೆ

ಸುಳ್ಯ ತಾಲೂಕಿನ ತೊಡಿಕಾನದಲ್ಲಿ, ಮಲ್ಲಿಕಾರ್ಜುನ ದೇವಸ್ಥಾನದ ಬಳಿಯ ಹೊಳೆಯಲ್ಲಿ ದೇವರ ಮೀನುಗಳಿವೆ. ಅವು ಪೆರುವೋಲು, ಮಹಶೀರ್ ಜಾತಿಯವು. ಚಿಕ್ಕವನಿದ್ದಾಗ ಅಮ್ಮನ ಜೊತೆ ಹೋಗಿ ಅವುಗಳಿಗೆ ಅಕ್ಕಿ ಹಾಕಿದ್ದೇನೆ. ಆ ನೀರೇ ಪಯಸ್ವಿನಿಯನ್ನು ಸೇರಿ, ಗಡಿ ದಾಟಿ, ನಮ್ಮ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯೆನಿಸುತ್ತದೆ. "ಈ ಮೀನು ನಮ್ಮಲ್ಲಿಗೂ ಬರ್ತದಾ ಅಮ್ಮ?" ಎಂದು ಕೇಳಿದೆ. "ಬಂದೀತು ಮಗಾ. ಇಲ್ಲಿಂದ ಇಳಿದರೆ ಮತ್ತೆ ಅದು ಬರೀ ಮೀನು" ಎಂದರು.

ಬರೀ ಮೀನಿಗೆ ನಾವು ಮಾಡುತ್ತಿದ್ದುದನ್ನು ಹೇಳಲು ಈಗ ನಾಚಿಕೆ. ಬೇಸಗೆಯಲ್ಲಿ ಹೊಳೆ ಬತ್ತಿ ಗುಂಡಿಗಳಷ್ಟೇ ಉಳಿದಾಗ, ಸೋದರಮಾವನೊಡನೆ ಕಾರೆಕಾಯಿ ಜಜ್ಜಿ ನೀರಿಗೆ ಕಲಕುತ್ತಿದ್ದೆವು. ಸ್ವಲ್ಪ ಹೊತ್ತಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೊಡ್ಡವನ್ನು ಹೆಕ್ಕಿ ಬುಟ್ಟಿಗೆ ಹಾಕಿಕೊಂಡು, ಬೆರಳುದ್ದದವನ್ನು ಅಲ್ಲೇ ಬಿಟ್ಟು ಬರುತ್ತಿದ್ದೆವು. ಮರುದಿನ ಕಾಗೆಗಳಿಗೆ ಹಬ್ಬ. ನಮ್ಮ ನಂತರದವರು ಬ್ಲೀಚಿಂಗ್ ಪೌಡರ್ ತಂದರು, ತೋಟೆ ತಂದರು. ಕೆಲಸ ಸುಲಭವಾಯಿತು, ಮನಸ್ಸು ನಮ್ಮದೇ.

1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡಗಳ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮೀನಿಗೆ ಅದು ಘೋರ ವಿಷ. ಮನುಷ್ಯರಿಗಾದ ಅನ್ಯಾಯದ ಲೆಕ್ಕ ಕೇಳಿದೆವು, ಕೇಳಲೇಬೇಕಿತ್ತು. ಮೀನಿನ ಲೆಕ್ಕವನ್ನು ನಾನಂತೂ ಕೇಳಿದವನಲ್ಲ.

ಚಂದವಿದ್ದರೆ ಬದುಕಬಹುದೇ? ಅದೂ ಇಲ್ಲ. ಮಲಯಾಳದಲ್ಲಿ ಚೆಂಕಣಿಯಾನ್ ಎನ್ನುವ ಮೀನು ಚಂದ್ರಗಿರಿಯಲ್ಲೂ ಇದೆ. ಮೈಮೇಲೆ ಕೆಂಪು ಗೆರೆ, ಅದರಡಿ ಕಪ್ಪು ಗೆರೆ. ವ್ಯಾಪಾರದಲ್ಲಿ ಅದು 'ಮಿಸ್ ಕೇರಳ'. (ಕೊಡಗಿನಲ್ಲಿ ಹುಟ್ಟಿ ಬರುವ ನೀರಿನ ಮೀನಿಗೂ ಒಂದು ರಾಜ್ಯದ ಹೆಸರು! ಗಡಿಯವರಾದ ನಮಗೆ ಇದು ಹೊಸತಲ್ಲ.) 1990ರ ದಶಕದಿಂದ ವಿದೇಶದ ಗಾಜಿನ ತೊಟ್ಟಿಗಳಿಗೆ ಹೋಗಿ ಹೋಗಿ, ಇಂದು ಅದರ ಹೆಸರು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ.

ಒಂದಕ್ಕೆ ದೇವರ ಕಾವಲು, ಇನ್ನೊಂದಕ್ಕೆ ಪೇಟೆಯ ಬೆಲೆ. ಎರಡೂ ಇಲ್ಲದ, ನಾವು ಬಿಟ್ಟುಬಂದ ಆ ಬೆರಳುದ್ದದ ಮೀನುಗಳಿಗೆ ಬದುಕುವ ಹಕ್ಕು ಎಲ್ಲಿಂದ ಬರಬೇಕು? ನಮಗಿಂತ ಮೊದಲೇ ಅವು ಹೊಳೆಯಲ್ಲಿದ್ದವು. ಅಷ್ಟೇ ಸಾಲದೇ ಎಂದು ನನಗೆ ಈಗೀಗ ಅನಿಸುತ್ತದೆ.

ಇದನ್ನು ಮಾವನಲ್ಲಿ ಹೇಳಿದೆ. ಅವರಿಗೀಗ ಎಂಬತ್ತು ದಾಟಿದೆ. "ಹಾಗಾದರೆ ಮೀನು ತಿನ್ನಲೇಬಾರದಾ?" ಎಂದು ನಕ್ಕರು. ತಿನ್ನುವುದು ಬೇರೆ, ಗುಂಡಿಯನ್ನೇ ಬರಿದು ಮಾಡುವುದು ಬೇರೆ, ಗಾಳ ಹಾಕಬಹುದಿತ್ತಲ್ಲ ಎಂದೆ. ಮಾವ ತುಸು ಹೊತ್ತು ಸುಮ್ಮನಿದ್ದರು.

"ಈಗ ಗಾಳ ಹಾಕಿದರೆ ಎಂಥ ಸಿಗ್ತದೆ?" ಎಂದರು.